ಸೇವ್ ಬಟನ್ ಇಲ್ಲದ ಸಾಫ್ಟ್‌ವೇರ್: ಡಾರ್ಕ್‌ಟೇಬಲ್ ಜೊತೆ ಐದು ವರ್ಷ

ಮೊದಲ ದಿನ ನಾನು ಹುಡುಕಿದ್ದು ಸೇವ್ ಬಟನ್. ಎಲ್ಲೂ ಸಿಗಲಿಲ್ಲ. ಒಂದು ಗಂಟೆ ಕೂತು ತಿದ್ದಿದ ಫೋಟೋ ಹೋಗಿಬಿಟ್ಟರೆ ಅಂತ ಹೆದರಿ ಲ್ಯಾಪ್‌ಟಾಪನ್ನು ಆಫ್ ಮಾಡದೆ ಮಲಗಿದ್ದೆ. ಬೆಳಿಗ್ಗೆ ಧೈರ್ಯ ಮಾಡಿ ಮುಚ್ಚಿ ತೆರೆದರೆ ಫೋಟೋ ಹಾಗೇ ಇತ್ತು.

ಅದು 2020. ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಿತ್ತು. ನಾನು ಯಕ್ಷಗಾನದ ಫೋಟೋ ತೆಗೆಯುವವನು. ಕಸುಬಲ್ಲ, ಹುಚ್ಚು. ಆಟ ಇಲ್ಲ, ಕೈಯಲ್ಲಿ ಹಳೇ ಫೋಟೋ ರಾಶಿ. ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ನನಗೆ ಬೇಡವಾಗಿತ್ತು. ಫೋಟೋ ತಿದ್ದುವ ಡಾರ್ಕ್‌ಟೇಬಲ್ ಪುಕ್ಕಟೆ. 2009ರಲ್ಲಿ ಯೋಹಾನೆಸ್ ಹಾನಿಕಾ ಶುರು ಮಾಡಿದ್ದು, ಈಗ ಹಲವರು ಸೇರಿ ಬೆಳೆಸುತ್ತಿದ್ದಾರೆ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡುತ್ತದೆ.

ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನು ಹಾಗೇ ಹಿಡಿದಿಟ್ಟ ಕಚ್ಚಾ ಫೈಲ್, ಯಾಕೆ ಬೇಕು ಅಂತ ಕೇಳುವವರಿಗೆ ನಾನು ಬಣ್ಣದ ವೇಷ, ಅಂದರೆ ಯಕ್ಷಗಾನದ ರಾಕ್ಷಸ ಪಾತ್ರ, ತೋರಿಸುತ್ತೇನೆ. ಮುಖದ ತುಂಬ ಕೆಂಪು, ಅದರ ಮೇಲೆ ಬಿಳಿ ಚುಟ್ಟಿ (ಅಕ್ಕಿ ಹಿಟ್ಟಿನಲ್ಲಿ ಇಡುವ ಚುಕ್ಕಿಗಳು), ಮೇಲಿಂದ ಯಾರೋ ಹಾಕಿದ ಕೆಂಪು ಎಲ್‌ಇಡಿ ಲೈಟು. ಕ್ಯಾಮೆರಾ ಕೊಡುವ ಜೆಪೆಗ್‌ನಲ್ಲಿ ಮುಖ ಅನ್ನೋದು ಒಂದು ಕೆಂಪು ಮುದ್ದೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, ನನ್ನ ಕ್ಯಾಮೆರಾದ 14 ಬಿಟ್ ರಾ ಫೈಲ್‌ನಲ್ಲಿ 16,384. ಅಷ್ಟು ಮೆಟ್ಟಿಲಿದ್ದಾಗ ಇಳಿದು ಹುಡುಕಬಹುದು. 2020ರ ಕೊನೆಯಲ್ಲಿ ಬಂದ 3.4 ಆವೃತ್ತಿಯಲ್ಲಿ ಕಲರ್ ಕ್ಯಾಲಿಬ್ರೇಶನ್ ಅನ್ನುವ ಮಾಡ್ಯೂಲ್ (ತಿದ್ದುವ ಉಪಕರಣ) ಸೇರಿತು. ಈ ಎಲ್‌ಇಡಿ ಕಾಟಕ್ಕೆ ನನಗೆ ಸಿಕ್ಕ ಒಳ್ಳೇ ಮದ್ದು ಅದೇ. ಮುದ್ದೆಯೊಳಗಿಂದ ಚುಟ್ಟಿಯ ಒಂದೊಂದೇ ಚುಕ್ಕಿ ಎದ್ದು ಬಂದಾಗ ಆಗುವ ಖುಷಿ ಇದೆಯಲ್ಲ, ಅದಕ್ಕೇ ನಾನು ಇದಕ್ಕೆ ಅಂಟಿಕೊಂಡದ್ದು.

ಈಗ ಸೇವ್ ವಿಷಯ. ದರ್ಜಿ ಅಂಗಡಿಗೆ ಬಟ್ಟೆ ಕೊಟ್ಟಾಗ ಆತ ಅಳತೆ ಬರೆದ ಚೀಟಿಯನ್ನು ಬಟ್ಟೆಗೇ ಸಿಕ್ಕಿಸಿ ಇಡುತ್ತಾನಲ್ವಾ? ಇಲ್ಲಿ ನಡೆಯೋದೂ ಅದೇ. ರಾ ಫೈಲ್ ಅನ್ನುವ ಬಟ್ಟೆಗೆ ಕತ್ತರಿ ಬೀಳುವುದೇ ಇಲ್ಲ. ಡಿಎಸ್‌ಸಿ_4127.ಎನ್‌ಇಎಫ್ ಅನ್ನುವ ಫೋಟೋ ತಿದ್ದಿದರೆ, ಪಕ್ಕದಲ್ಲೇ ಡಿಎಸ್‌ಸಿ_4127.ಎನ್‌ಇಎಫ್.ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲ್ ಹುಟ್ಟುತ್ತದೆ. ಅದೇ ಚೀಟಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಬರೀ ಅಕ್ಷರ. ಎಷ್ಟು ಸ್ಟಾರ್ ಕೊಟ್ಟಿದ್ದೀರಿ, ಯಾವ ಟ್ಯಾಗ್ ಹಾಕಿದ್ದೀರಿ, ಯಾವ ಮಾಡ್ಯೂಲ್ ಮುಟ್ಟಿದ್ದೀರಿ ಎಲ್ಲ ಓದಬಹುದು. ಎಷ್ಟು ತಿರುಗಿಸಿದ್ದೀರಿ ಅನ್ನೋದು ಮಾತ್ರ ನಮಗೆ ಅರ್ಥವಾಗದ ಅಂಕಿ-ಅಕ್ಷರಗಳ ಸರ.

ಚೀಟಿಯ ಜೊತೆಗೆ ಅಂಗಡಿಯ ಪುಸ್ತಕವೂ ಒಂದಿದೆ: ಲೈಬ್ರರಿ.ಡಿಬಿ ಅನ್ನುವ ಡೇಟಾಬೇಸ್. ಅದು ಫೋಟೋಗಳ ಜೊತೆ ಇರೋದಿಲ್ಲ, ವಿಂಡೋಸ್‌ನಲ್ಲಾದರೆ ಸಿ ಡ್ರೈವ್‌ನೊಳಗೆ ಆಪ್‌ಡೇಟಾ ಫೋಲ್ಡರ್‌ನಲ್ಲಿ ಅಡಗಿ ಕೂತಿರುತ್ತದೆ. ದಿನನಿತ್ಯ ಸಾಫ್ಟ್‌ವೇರ್ ನಂಬೋದು ಈ ಪುಸ್ತಕವನ್ನು. ಚೀಟಿ ಕಳೆದರೆ ಪುಸ್ತಕ ನೋಡಿ ಹೊಸ ಚೀಟಿ ಬರೆಸಬಹುದು. ಪುಸ್ತಕ ಕಳೆದರೆ ಫೋಲ್ಡರನ್ನು ಮತ್ತೆ ಇಂಪೋರ್ಟ್ ಮಾಡಿದರಾಯಿತು, ಚೀಟಿಗಳಿಂದ ಎಲ್ಲ ವಾಪಸ್.

ಎರಡನ್ನೂ ಒಂದೇ ತಿಂಗಳಲ್ಲಿ ಕಳೆದುಕೊಳ್ಳುವ ಪುಣ್ಯಾತ್ಮ ಇರಲಾರ ಅಂತ ಇದನ್ನು ಮಾಡಿದವರು ಅಂದುಕೊಂಡಿರಬೇಕು. ನಾನಿದ್ದೆ.

ಆದದ್ದಿಷ್ಟೆ. ಒಂದು ಮಳೆಗಾಲ ಫೋಲ್ಡರ್‌ಗಳನ್ನು ಓರಣ ಮಾಡಲು ಹೊರಟೆ. ಡಾರ್ಕ್‌ಟೇಬಲ್ ತೆರೆಯದೆ, ಹೊರಗಿನಿಂದಲೇ ಫೋಲ್ಡರ್‌ಗಳ ಹೆಸರು ಬದಲಿಸಿದೆ. ಆಮೇಲೆ ತೆರೆದು ನೋಡಿದರೆ ಫೋಟೋ ಇರಬೇಕಾದ ಕಡೆಯೆಲ್ಲ ತಲೆಬುರುಡೆ! ಫೈಲ್ ಸಿಗದಿದ್ದರೆ ಅದು ತೋರಿಸುವ ಚಿತ್ರ ಅದು. ಫಿಲ್ಮ್ ರೋಲ್ (ಫೋಲ್ಡರಿಗೆ ಅದು ಕರೆಯುವ ಹೆಸರು) ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಜಾಗ ತೋರಿಸಿದ್ದರೆ ಮುಗಿಯುತ್ತಿತ್ತು. ಅದು ಗೊತ್ತಿರಲಿಲ್ಲ. ಆಮೇಲೆ ನೋಡೋಣ ಅಂತ ಬಿಟ್ಟೆ. ಅದೇ ಭರದಲ್ಲಿ, ಈ ಎಕ್ಸ್‌ಎಂಪಿ ಎಂಥ ಕಸ ಅಂತ ಒಂದು ಇಡೀ ಸೀಸನ್ನಿನ ಚೀಟಿಗಳನ್ನು ಆರಿಸಿ ಡಿಲೀಟ್ ಕೂಡ ಮಾಡಿದ್ದೆ. ಮೂರು ವಾರಕ್ಕೆ ಲ್ಯಾಪ್‌ಟಾಪ್ ಕೆಟ್ಟಿತು. ರಿಪೇರಿ ಅಂಗಡಿಯವರು "ಡಿ ಡ್ರೈವ್ ಮುಟ್ಟಿಲ್ಲ, ಸಿ ಮಾತ್ರ ಫಾರ್ಮ್ಯಾಟ್" ಅಂದರು. ಫೋಟೋ ಡಿಯಲ್ಲಿತ್ತು, ನಾನು ನಿರಾಳ. ಪುಸ್ತಕ ಸಿಯಲ್ಲಿತ್ತು ಅನ್ನೋದು ನೆನಪಾಗಿದ್ದು ಮನೆಗೆ ಬಂದ ಮೇಲೆ.

ಎರಡು ವರ್ಷ ಬಿಟ್ಟು ಒಬ್ಬ ಹಿರಿಯ ಕಲಾವಿದರ ಫೋನ್. "ನನ್ನದೊಂದು ಬಣ್ಣದ ವೇಷದ ಫೋಟೋ ಕೊಟ್ಟಿದ್ರಲ್ಲ, ಅದನ್ನೇ ದೊಡ್ಡದು ಮಾಡಿ ಬೇಕಿತ್ತು ಮಾರಾಯ್ರೆ. ಸನ್ಮಾನಕ್ಕೆ." ರಾ ಫೈಲ್ ಇದೆ, ಕೆಂಪು ಮುದ್ದೆ. ಮತ್ತೆ ತಿದ್ದಿದೆ, ಮೂರು ಸಲ. ಚೆಂದ ಬಂತು, ಆದರೆ ಅದು ಆ ಫೋಟೋ ಅಲ್ಲ. ಕಲಾವಿದರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. "ಚೆಂದ ಉಂಟು. ಆದ್ರೆ ಮೊದಲಿನದ್ದೇ ಇಲ್ವಾ?" ಅಂದರು.

ಆಗ ಮ್ಯಾನುಯಲ್ ಓದಿದೆ. ಅದರಲ್ಲೊಂದು ಸಾಲು ಸಿಕ್ಕಿತು: ಡಾರ್ಕ್‌ಟೇಬಲ್‌ನಿಂದ ಎಕ್ಸ್‌ಪೋರ್ಟ್ ಮಾಡಿದ ಜೆಪೆಗ್‌ನ ಹೊಟ್ಟೆಯೊಳಗೂ ಚೀಟಿಯ ಒಂದು ನಕಲು ಇರುತ್ತದೆ. ಹೊಲಿದ ಅಂಗಿಯ ಒಳಮಡಿಕೆಯಲ್ಲಿ ಅಳತೆ ಬರೆದಿಟ್ಟ ಹಾಗೆ. ವಾಟ್ಸಾಪ್‌ನಲ್ಲಿ ಹೋದ ಹಳೇ ಪ್ರತಿಯಲ್ಲಿ ಹುಡುಕಿದೆ, ಏನೂ ಉಳಿದಿರಲಿಲ್ಲ. ಅದು ಚಿಕ್ಕದು ಮಾಡುವಾಗ ಇಂಥದ್ದನ್ನೆಲ್ಲ ಕಿತ್ತು ಬಿಸಾಡುತ್ತದೆ. ಆದರೆ ಫ್ಲೆಕ್ಸ್ ಮಾಡಿಸಲು ಪೆನ್ ಡ್ರೈವ್‌ಗೆ ಹಾಕಿದ್ದ ಜೆಪೆಗ್ ಮೇಜಿನ ಡ್ರಾಯರ್‌ನಲ್ಲಿ ಸಿಕ್ಕಿತು. ಫೋಟೋಗಳನ್ನೆಲ್ಲ ಹರಡಿ ತೋರಿಸುವ ಲೈಟ್‌ಟೇಬಲ್ ಪರದೆಯಲ್ಲಿ ರಾ ಫೋಟೋ ಆರಿಸಿ, ಬಲಗಡೆ ಹಿಸ್ಟರಿ ಸ್ಟ್ಯಾಕ್‌ನಲ್ಲಿ 'ಲೋಡ್ ಸೈಡ್‌ಕಾರ್ ಫೈಲ್' ಒತ್ತಿ, ಎಲ್ಲ ಫೈಲ್ ತೋರಿಸು ಅಂತ ಬದಲಿಸಿ, ಆ ಜೆಪೆಗ್ ಆರಿಸಿದೆ. ಒಂದು ಕ್ಷಣ. ಮುದ್ದೆ ಕರಗಿ ಮುಖ ಬಂತು, ಹಳೇ ಮುಖ. ಹಿಸ್ಟರಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೆಜ್ಜೆ, ಒಂದೂ ಬಿಡದೆ.

ಪೆನ್ ಡ್ರೈವ್‌ನಲ್ಲಿದ್ದ ನಲವತ್ತು ಚಿಲ್ಲರೆ ಫೋಟೋಗಳು ಹೀಗೆ ಬಂದವು. ಎರಡು ಬರಲಿಲ್ಲ. ಫೋಟೋದ ಇಷ್ಟು ಭಾಗ ಮಾತ್ರ ತಿದ್ದು ಅಂತ ಕೈಯಲ್ಲಿ ಗೀಚಿದ ಮಾಸ್ಕ್‌ಗಳು ಅವುಗಳಲ್ಲಿ ವಿಪರೀತ ಇದ್ದವು. ಜೆಪೆಗ್‌ನಲ್ಲಿ ಈ ಮಾಹಿತಿಗೆ ಇರುವ ಜಾಗ ಸುಮಾರು 64 ಕೆಬಿ, ಚೀಟಿ ಅದಕ್ಕಿಂತ ಉದ್ದವಾದರೆ ಒಳಗೆ ಹೋಗುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ ಆಯ್ಕೆಯಲ್ಲಿ 'ಡೆವಲಪ್ ಹಿಸ್ಟರಿ'ಗೆ ಟಿಕ್ ಇದೆಯಾ ಅಂತ ಈಗ ಮರೆಯದೆ ನೋಡುತ್ತೇನೆ.

ಇಷ್ಟಪಟ್ಟ ಇನ್ನೊಂದು ಸಂಗತಿ ಡೂಪ್ಲಿಕೇಟ್. ಒಂದೇ ಫೋಟೋದ ಬಣ್ಣದ್ದು, ಕಪ್ಪು-ಬಿಳುಪಿನದ್ದು, ಮುಖ ಮಾತ್ರ ಕತ್ತರಿಸಿದ್ದು ಮೂರನ್ನೂ ಇಟ್ಟುಕೊಳ್ಳಬಹುದು. ಸುಮಾರು 25 ಎಂಬಿಯ ರಾ ಫೈಲ್ ಒಂದೇ, ಚೀಟಿ ಮಾತ್ರ ಮೂರು.

ತಕರಾರುಗಳೂ ಇವೆ. ಮಾಡ್ಯೂಲ್‌ಗಳು ಸಂತೆಯಷ್ಟು, ಒಂದೇ ಕೆಲಸಕ್ಕೆ ಮೂರು ದಾರಿ. ಟೋನ್‌ಗೆ, ಅಂದರೆ ಬೆಳಕು-ನೆರಳಿನ ಹದಕ್ಕೆ, ಫಿಲ್ಮಿಕ್ ಬಳಸಬೇಕಾ, ಸಿಗ್ಮಾಯ್ಡ್ ಬಳಸಬೇಕಾ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. (ಸಿಗ್ಮಾಯ್ಡ್. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.) ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ನಾಯ್ಸ್ ತೆಗೆಯುವ ಮಾಡ್ಯೂಲ್ ಹಾಕಿದರೆ ಚಹಾ ಕುಡಿದು ಬರಬಹುದು. ಹಿಸ್ಟರಿಯಲ್ಲಿ ಹಿಂದಿನ ಹೆಜ್ಜೆಗೆ ಹೋಗಿ ಅಲ್ಲಿ ಏನಾದರೂ ಮುಟ್ಟಿದರೆ ಮುಂದಿನ ಹೆಜ್ಜೆಗಳೆಲ್ಲ ಮಾಯ, ಇದಕ್ಕೆ ಹೊಸಬರು ಬಿದ್ದೇ ಬೀಳುತ್ತಾರೆ. ಇನ್ನೊಂದು: ಈ ಚೀಟಿಯನ್ನು ಬೇರೆ ದರ್ಜಿ ಓದಲಾರ. ಸ್ಟಾರ್, ಟ್ಯಾಗ್ ಬೇರೆ ಕಡೆ ಹೋದಾವು, ತಿದ್ದುಪಡಿ ಹೋಗದು. ಆದರೆ ಇದು ಎಲ್ಲ ರಾ ಸಾಫ್ಟ್‌ವೇರ್‌ಗಳ ಕಥೆ. ರಾಥೆರಪಿ ತನ್ನದೇ ಪಿಪಿ3 ಫೈಲ್ ಬರೆಯುತ್ತದೆ. ಲೈಟ್‌ರೂಮ್ ಕ್ಲಾಸಿಕ್ ಎಲ್ಲವನ್ನೂ ತನ್ನ ಕ್ಯಾಟಲಾಗ್‌ನಲ್ಲಿ ಇಡುತ್ತದೆ, ಎಕ್ಸ್‌ಎಂಪಿ ಬೇಕೆಂದರೆ ನಾವೇ ಹೇಳಬೇಕು.

ಈಗ ಫೋಲ್ಡರ್ ಸರಿಸುವುದಿದ್ದರೆ ಡಾರ್ಕ್‌ಟೇಬಲ್ ಒಳಗಿಂದಲೇ ಸರಿಸುತ್ತೇನೆ, ಚೀಟಿಯೂ ಜೊತೆಗೆ ಹೋಗುತ್ತದೆ. ಭಾನುವಾರ ಫೋಟೋ ಫೋಲ್ಡರ್ ಜೊತೆ ಲೈಬ್ರರಿ.ಡಿಬಿಯನ್ನೂ ಎರಡು ಹಾರ್ಡ್ ಡಿಸ್ಕ್‌ಗೆ ಹಾಕುತ್ತೇನೆ. ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಹೊಸ ಆವೃತ್ತಿ ಬರುತ್ತದೆ. ಹಳೇ ತಿದ್ದುಪಡಿಗಳು ಹೊಸದರಲ್ಲೂ ಹಾಗೇ ಕಾಣುತ್ತವೆ, ಆದರೆ ಒಮ್ಮೆ ಮೇಲೇರಿದ ಡೇಟಾಬೇಸ್ ಹಳೇ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಹಾಗಾಗಿ ಡಿಸೆಂಬರ್‌ನದ್ದನ್ನು ನಾನು ಮುಟ್ಟುವುದಿಲ್ಲ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಶುರುವಾದಾಗ, ಎರಡು ಬ್ಯಾಕಪ್ ತೆಗೆದು ಹಾಕಿಕೊಳ್ಳುತ್ತೇನೆ.