ಲೆಕ್ಕದ ಭವಿಷ್ಯ, ಮರಳಿನ ಭವಿಷ್ಯ: ‘ಫೌಂಡೇಶನ್’ ಮತ್ತು ‘ಡ್ಯೂನ್’ ಜೊತೆಜೊತೆಯಾಗಿ ಓದಿದಾಗ

ಐಸಾಕ್ ಅಸಿಮೋವರ ‘ಫೌಂಡೇಶನ್’ ಎಂಬ ವಿಜ್ಞಾನ ಕಥಾಸರಣಿಯನ್ನು ನಾನು ಕಾಲೇಜಿನ ದಿನಗಳಲ್ಲಿ ಮೂರು ಸಲ ಓದಿದ್ದೆ. ಫ್ರಾಂಕ್ ಹರ್ಬರ್ಟರ ‘ಡ್ಯೂನ್’ ಕಾದಂಬರಿಯನ್ನು ಅದೇ ದಿನಗಳಲ್ಲಿ ನೂರು ಪುಟ ದಾಟುವ ಮೊದಲೇ ಮುಚ್ಚಿಟ್ಟಿದ್ದೆ. ಇಪ್ಪತ್ತು ವರ್ಷ ಅಕ್ಕಪಕ್ಕದಲ್ಲೇ ನಿಂತಿದ್ದ ಈ ಪುಸ್ತಕಗಳನ್ನು ಈ ಬಾರಿಯ ಬೇಸಿಗೆಯಲ್ಲಿ ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯ ಮನೆಗೆ ಒಯ್ದು, ಬೆಳಗಿನ ಹೊತ್ತು ಒಂದನ್ನು, ರಾತ್ರಿ ಊಟವಾದ ಮೇಲೆ ಇನ್ನೊಂದನ್ನು ಹಿಡಿದು, ಟಿಪ್ಪಣಿ ಮಾಡಿಕೊಳ್ಳುತ್ತ ಓದಿ ಮುಗಿಸಿದೆ. ನನ್ನ ಹಳೆಯ ತೀರ್ಮಾನ ಆ ಎರಡು ತಿಂಗಳಲ್ಲಿ ಉಳಿಯಲಿಲ್ಲ.

ಇವೆರಡೂ ಒಂದೇ ಮನೆಯಲ್ಲಿ ಹುಟ್ಟಿದವು. ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತ ಗಿಬ್ಬನ್‌ನ ಇತಿಹಾಸವನ್ನು ಓದಿಕೊಂಡಿದ್ದ ಅಸಿಮೋವ್ 1941ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನಕ್ಷತ್ರಗಳಿಗೆ ಹಬ್ಬಿದ ಸಾಮ್ರಾಜ್ಯವೊಂದು ಕುಸಿಯುವ ಕಥೆಯನ್ನು ಯೋಚಿಸಿದರು. 1942ರ ಮೇ ತಿಂಗಳಿಂದ ಆ ಕಥೆಗಳನ್ನು ಪ್ರಕಟಿಸಿದ್ದು ಜಾನ್ ಕ್ಯಾಂಬೆಲ್ ಸಂಪಾದಕರಾಗಿದ್ದ ‘ಅಸ್ಟೌಂಡಿಂಗ್’ ಪತ್ರಿಕೆ. ಅದೇ ಪತ್ರಿಕೆ ‘ಅನಲಾಗ್’ ಎಂಬ ಹೊಸ ಹೆಸರಿನಲ್ಲಿ, ಅದೇ ಸಂಪಾದಕರ ಕೈಕೆಳಗೆ, 1963ರ ಕೊನೆಯಿಂದ ‘ಡ್ಯೂನ್’ ಕಥೆಯನ್ನು ಧಾರಾವಾಹಿಯಾಗಿ ತಂದಿತು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ತಿರಸ್ಕರಿಸಿದ ಆ ಹಸ್ತಪ್ರತಿಯನ್ನು 1965ರಲ್ಲಿ ಪುಸ್ತಕವಾಗಿಸಿದ್ದು, ಮುಖ್ಯವಾಗಿ ಮೋಟಾರು ದುರಸ್ತಿಯ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಸಂಸ್ಥೆ. 1966ರಲ್ಲಿ ಎರಡಕ್ಕೂ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿತು: ‘ಫೌಂಡೇಶನ್’ಗೆ ಸಾರ್ವಕಾಲಿಕ ಶ್ರೇಷ್ಠ ಸರಣಿ ಎಂಬ ವಿಶೇಷ ಗೌರವ, ‘ಡ್ಯೂನ್’ಗೆ ಇನ್ನೊಂದು ಕೃತಿಯೊಡನೆ ಹಂಚಿಕೊಂಡ ಶ್ರೇಷ್ಠ ಕಾದಂಬರಿಯ ಗೌರವ.

ಮುಂದಾಗುವುದನ್ನು ಮೊದಲೇ ಬಲ್ಲವನು ಆ ಅರಿವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎರಡರ ಒಡಲಿನಲ್ಲೂ ಇದೆ. ಅಸಿಮೋವರ ಹ್ಯಾರಿ ಸೆಲ್ಡನ್ ಅದನ್ನು ಗಣಿತವಾಗಿ ಕಾಣುತ್ತಾನೆ. ಅನಿಲದ ಒಂದು ಕಣ ಎತ್ತ ಸಾಗುವುದೆಂದು ಹೇಳಲಾಗದಿದ್ದರೂ ಇಡೀ ಅನಿಲದ ನಡವಳಿಕೆಯನ್ನು ಹೇಳಬಹುದು. ಹಾಗೆಯೇ ಒಬ್ಬ ಮನುಷ್ಯನ ನಾಳೆಯನ್ನು ಅರಿಯಲಾಗದಿದ್ದರೂ ಕೋಟಿ ಕೋಟಿ ಜನರ ಶತಮಾನಗಳನ್ನು ಲೆಕ್ಕ ಹಾಕಬಹುದು ಎಂಬುದು ಅವನ ‘ಸೈಕೋಹಿಸ್ಟರಿ’ ಶಾಸ್ತ್ರದ ತಳಹದಿ. ಸಾಮ್ರಾಜ್ಯ ಬಿದ್ದ ಮೇಲೆ ಬರಲಿರುವ ಮೂವತ್ತು ಸಾವಿರ ವರ್ಷಗಳ ಕತ್ತಲನ್ನು ಒಂದು ಸಾವಿರ ವರ್ಷಕ್ಕೆ ಇಳಿಸುವುದು ಅವನ ಯೋಜನೆ. ಅದಕ್ಕಾಗಿ ಅವನು ಸ್ಥಾಪಿಸುವ ಸಂಸ್ಥೆಯೇ ಫೌಂಡೇಶನ್. ಯೋಜನೆಗಿರುವ ಕಟ್ಟಳೆಯೆಂದರೆ, ಲೆಕ್ಕದ ಫಲ ಜನರಿಗೆ ತಿಳಿಯಬಾರದು, ತಿಳಿದರೆ ಅವರ ನಡತೆ ಬದಲಾಗಿ ಲೆಕ್ಕವೇ ತಪ್ಪುತ್ತದೆ. ಈ ಭಾಗವನ್ನು ಓದುವಾಗ ನನಗೆ ಪ್ರತಿ ಸಲವೂ ನೆನಪಾಗುವವನು, ಎಲ್ಲವನ್ನೂ ಬಲ್ಲವನಾಗಿದ್ದೂ ಕೇಳದ ಹೊರತು ಬಾಯಿ ಬಿಡದ, ನಮ್ಮ ಹಿರಿಯರು ಹೇಳುತ್ತಿದ್ದ ಭಾರತದ ಕಥೆಗಳ ಸಹದೇವ.

‘ಫೌಂಡೇಶನ್’ ಓದುವ ಸುಖ ಚದುರಂಗದಾಟವನ್ನು ನೋಡುವ ಸುಖ. ಆ ಸಂಸ್ಥೆ ನೆಲೆಸಿದ ಟರ್ಮಿನಸ್ ಎಂಬ ಬಡ ಗ್ರಹದ ಮೇಯರ್ ಸಾಲ್ವರ್ ಹಾರ್ಡಿನ್, ಸೇನೆಯಿಲ್ಲದೆ, ನೆರೆಯ ನಾಲ್ಕು ರಾಜ್ಯಗಳನ್ನು ಒಂದರ ಮೇಲೊಂದನ್ನು ಎತ್ತಿ ಕಟ್ಟಿ ಬದುಕುವ ಪರಿ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಆದರೆ ಈ ಬಾರಿ ಪೆನ್ಸಿಲ್ ಹಿಡಿದು ಓದಿದಾಗ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತು. ಇಲ್ಲಿ ನಡೆಯುವುದೆಲ್ಲ ಮಾತು. ಯುದ್ಧಗಳು ತೆರೆಯ ಹಿಂದೆ ನಡೆದುಹೋಗುತ್ತವೆ. ನಾಲ್ಕು ಸಾವಿರ ಕೋಟಿ ಜನ ವಾಸಿಸುವ, ಇಡೀ ನೆಲ ಲೋಹದ ಕೆಳಗೆ ಮುಚ್ಚಿಹೋದ ಟ್ರಾಂಟರ್ ಗ್ರಹದ ಗಾಳಿಯ ವಾಸನೆ ಹೇಗಿದ್ದೀತೆಂದು ನಾನು ಪುಟಗಳಲ್ಲಿ ಹುಡುಕಿ ಸೋತೆ. ಮೊದಲ ಸಂಪುಟದಲ್ಲಿ ಹೆಂಗಸರು ಇಲ್ಲವೆಂದೇ ಹೇಳಬೇಕು. ಇಪ್ಪತ್ತರ ಹರೆಯದಲ್ಲಿ ಮೂರು ಸಲ ಓದಿದರೂ ಅದು ನನಗೆ ಕಾಣದೇ ಹೋದದ್ದು ನನ್ನನ್ನು ನೋಯಿಸಿತು.

‘ಡ್ಯೂನ್’ ಇದಕ್ಕೆ ನೇರ ಎದುರು ತುದಿ. ಅಲ್ಲಿ ಎಲ್ಲವೂ ಮೈಗೆ ತಾಗುತ್ತದೆ. ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ಹಬ್ಬುತ್ತಿದ್ದ ಮರಳದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವ ಪ್ರಯತ್ನವನ್ನು ಕಂಡು ಲೇಖನ ಬರೆಯಹೊರಟ ಹರ್ಬರ್ಟ್, ಅದರಿಂದಲೇ ಅರಾಕಿಸ್ ಎಂಬ ಮರುಭೂಮಿ ಗ್ರಹಕ್ಕೆ ಬಂದರು. ಪುಸ್ತಕವನ್ನು ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ ಅರ್ಪಿಸಿದರು. ಅಲ್ಲಿನ ಫ್ರೆಮೆನ್ ಜನರ ನಾಯಕ ಸ್ಟಿಲ್ಗರ್, ಹೊಸ ದೊರೆಯ ಮೇಜಿನ ಮೇಲೆ ಉಗುಳುವ ದೃಶ್ಯವಿದೆ. ಕಾವಲಿನವರು ಕತ್ತಿಗೆ ಕೈ ಹಾಕುವಷ್ಟರಲ್ಲಿ, ಮೈಯ ತೇವವನ್ನು ಕೊಡುವುದು ಅಲ್ಲಿನ ಗೌರವವೆಂದು ತಿಳಿದುಬರುತ್ತದೆ. ಸತ್ತವನ ದೇಹದ ನೀರು ಕುಲಕ್ಕೆ ಸೇರಿದ್ದು. ಜೇಮಿಸ್ ಎಂಬವನು ಸತ್ತಾಗ ಆ ನೀರನ್ನು ಅಳೆದು ಮೂವತ್ತಮೂರು ಲೀಟರಿಗೂ ತುಸು ಹೆಚ್ಚೆಂದು ಸಾರುತ್ತಾರೆ, ಮತ್ತು ಅವನಿಗಾಗಿ ಕಥಾನಾಯಕನಾದ ದೊರೆಮಗ ಪಾಲ್ ಕಣ್ಣೀರಿಟ್ಟಾಗ, ಸತ್ತವನಿಗೆ ನೀರು ಕೊಟ್ಟನಲ್ಲ ಎಂದು ಇಡೀ ಕುಲ ಸ್ತಬ್ಧವಾಗುತ್ತದೆ. ನಮ್ಮೂರಿನಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರಿಗೆ ಕೊಡಗಳ ಸಾಲು ಹಚ್ಚಿದ್ದ ವಾರದಲ್ಲಿ ನಾನು ಈ ಪುಟಗಳನ್ನು ಓದಿದೆ. ಅಜ್ಜಿ ಅಕ್ಕಿ ತೊಳೆದ ನೀರನ್ನು ದಾಸವಾಳದ ಬುಡಕ್ಕೆ ಹೊಯ್ಯುವುದನ್ನು ಕಾಣುತ್ತ ಬೆಳೆದವನಿಗೆ ಫ್ರೆಮೆನ್ನರ ಲೆಕ್ಕಾಚಾರ ಪರಕೀಯವೆನಿಸಲಿಲ್ಲ. ಕಾಲೇಜಿನಲ್ಲಿ ನನ್ನನ್ನು ದಣಿಸಿದ್ದ, ಪುಸ್ತಕದ ಕೊನೆಯ ಆ ಉದ್ದನೆಯ ಪದಕೋಶವನ್ನು ಈ ಬಾರಿ ತೆರೆಯಬೇಕೆನಿಸಿದ್ದೇ ಕಡಿಮೆ.

‘ಡ್ಯೂನ್’ ವಿಜ್ಞಾನ ಕಥೆಯೋ ಅದ್ಭುತ ಕಥೆಯೋ ಎಂಬ ತರ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ದೊರೆಗಳು, ಮನೆತನಗಳು, ಭವಿಷ್ಯವಾಣಿ, ಕತ್ತಿವರಸೆ ಎಲ್ಲವೂ ಅಲ್ಲಿವೆ, ಆದರೆ ಕತ್ತಿಗೂ ಕಾರಣವಿದೆ: ಮೈರಕ್ಷಣೆಯ ಕವಚ ವೇಗದ ಪೆಟ್ಟನ್ನು ತಡೆಯುತ್ತದೆ, ನಿಧಾನವಾಗಿ ನುಗ್ಗುವ ಅಲಗನ್ನು ತಡೆಯಲಾರದು.

ಎರಡು ಕೃತಿಗಳಲ್ಲೂ ಒಂದು ಮಹಾಯೋಜನೆ ಇದೆ, ಅದು ಒಬ್ಬ ವ್ಯಕ್ತಿಯಿಂದ ಮುರಿಯುತ್ತದೆ. ಅಸಿಮೋವರಲ್ಲಿ ಆ ವ್ಯಕ್ತಿ, ಇತರರ ಭಾವನೆಗಳನ್ನು ತಿದ್ದಬಲ್ಲ ‘ಮ್ಯೂಲ್’. ಅವನು ಗೆಲ್ಲುತ್ತ ಗೆಲ್ಲುತ್ತ ಎಡವುವುದು ಬೇಟಾ ಎಂಬ ಹೆಣ್ಣುಮಗಳ ಮುಂದೆ. ಅವಳು ತಾನಾಗಿಯೇ ತೋರಿದ ಅಕ್ಕರೆ ಅವನಿಗೆ ಎಷ್ಟು ಅಪರೂಪದ್ದೆಂದರೆ, ಅವಳ ಮನಸ್ಸನ್ನು ಮುಟ್ಟಲು ಅವನಿಗೆ ಕೈ ಬರುವುದಿಲ್ಲ. ಹರ್ಬರ್ಟರಲ್ಲಿ ಬೆನೆ ಗೆಸೆರಿಟ್ ಎಂಬ ಸ್ತ್ರೀಸಂಘ ತಲೆತಲಾಂತರಗಳಿಂದ ವಂಶಗಳನ್ನು ಕೂಡಿಸುತ್ತ ಬಂದ ಲೆಕ್ಕ ತಪ್ಪುವುದು, ಹೆಣ್ಣುಮಗುವನ್ನು ಹೆರಬೇಕೆಂಬ ಅಪ್ಪಣೆಯಿದ್ದ ಜೆಸಿಕಾ ತನ್ನವನ ಮೇಲಿನ ಪ್ರೀತಿಯಿಂದ ಗಂಡುಮಗುವನ್ನು, ಅಂದರೆ ಪಾಲ್‌ನನ್ನು, ಹೆತ್ತದ್ದರಿಂದ. ಅಕ್ಕರೆಯನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿರಲಿಲ್ಲವೆಂದು ಇಬ್ಬರೂ ಹೇಳುತ್ತಿದ್ದಾರೆಂದು ಹೊಳೆದದ್ದು, ಒಂದೇ ವಾರದಲ್ಲಿ ಇವೆರಡು ಭಾಗಗಳೂ ಎದುರಾದದ್ದರಿಂದ. ಮುಂದೆ ದಾರಿಗಳು ಬೇರೆಯಾಗುತ್ತವೆ. ಅಸಿಮೋವರಲ್ಲಿ ಮುರಿದದ್ದನ್ನು ಸರಿಪಡಿಸಲು ಮರೆಯಲ್ಲಿ ಕಾದಿರುವ ಎರಡನೆಯ ಫೌಂಡೇಶನ್ ಇದೆ. ಹರ್ಬರ್ಟರಲ್ಲಿ ಮುರಿದವನೇ ನಾಯಕ, ಸರಿಪಡಿಸುವವರು ಯಾರೂ ಇಲ್ಲ.

‘ಡ್ಯೂನ್’ನ ದೋಷಗಳನ್ನು ಮುಚ್ಚಿಡಲಾರೆ. ಖಳನಾದ ಬ್ಯಾರನ್‌ನ ದುಷ್ಟತನವನ್ನು ಅವನ ಸ್ಥೂಲದೇಹಕ್ಕೂ ಕಾಮನೆಗೂ ಗಂಟುಹಾಕಿದ ರೀತಿ ನನಗೆ ಅಸಹನೀಯ. ಅರಬ್ಬಿಯ ಮಾತು ಮತ್ತು ನಂಬಿಕೆಗಳನ್ನು ಧಾರಾಳವಾಗಿ ಪಡೆದ ಕಥೆಯಲ್ಲಿ ಬಿಡುಗಡೆಯ ನಾಯಕ ಹೊರಗಿನಿಂದ ಬಂದ ದೊರೆಮಗನೇ ಆಗಿರುವುದೂ ಕಾಡುತ್ತದೆ. 1969ರ ‘ಡ್ಯೂನ್ ಮೆಸ್ಸಾಯ’ವನ್ನು ಓದದೆ ಈ ಎರಡನೆಯ ದೂರನ್ನು ತೀರ್ಮಾನಿಸಬಾರದು. ಅಲ್ಲಿ ಪಾಲ್ ತನ್ನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಸತ್ತವರನ್ನು ತಾನೇ ಎಣಿಸಿ ಹೇಳುತ್ತಾನೆ: ಆರು ಸಾವಿರದ ನೂರು ಕೋಟಿ, ಬರಡಾದ ಗ್ರಹಗಳು ತೊಂಬತ್ತು. ಸೆಲ್ಡನ್‌ನ ಅಂಕಿಗಳು ನನಗೆ ಯಾವಾಗಲೂ ಧೈರ್ಯ ಕೊಟ್ಟಿದ್ದವು. ಈ ಅಂಕಿಯನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಅಂಗಳದಲ್ಲಿ ಬಹಳ ಹೊತ್ತು ಕುಳಿತಿದ್ದೆ.

ಪಿಯುಸಿ ಮುಗಿಸಿದ ಅಕ್ಕನ ಮಗಳಿಗೂ ಎರಡನ್ನೂ ಕೊಟ್ಟು ನೋಡಿದೆ. ‘ಫೌಂಡೇಶನ್’ ಮೊದಲ ಸಂಪುಟವನ್ನು ಅವಳು ನಾಲ್ಕು ದಿನದಲ್ಲಿ ಮುಗಿಸಿದಳು, ‘ಡ್ಯೂನ್’ನ ಅರವತ್ತನೆಯ ಪುಟದಲ್ಲಿ ನಿಂತಳು. ಆದ್ದರಿಂದ ಈ ಬಗೆಯ ಕಥೆಗಳಿಗೆ ಹೊಸಬರಾದವರಿಗೆ ನಾನು ಈಗಲೂ ಅಸಿಮೋವರನ್ನೇ ಮೊದಲು ಕೊಡುತ್ತೇನೆ. ಮೂರು ಸಂಪುಟ ಸಾಕು, 1982ರಿಂದ ಬಂದ ಮುಂದುವರಿಕೆಗಳಲ್ಲಿ ಆ ಬಿಗಿ ನನಗೆ ಕಾಣಲಿಲ್ಲ. ಮತ್ತೆ ಮತ್ತೆ ಓದಲು ನನಗಾಗಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕಾಗಿ ಬಂದರೆ ‘ಡ್ಯೂನ್’ ಇಟ್ಟುಕೊಳ್ಳುತ್ತೇನೆ. ಅವಳಿಗೆ ಕೊಟ್ಟ ಪ್ರತಿಯನ್ನು ನಾನಿನ್ನೂ ವಾಪಸು ಕೇಳಿಲ್ಲ. ಅರವತ್ತನೆಯ ಪುಟದಲ್ಲಿ ಅವಳಿಟ್ಟ ಬಸ್ ಟಿಕೆಟ್ಟಿನ ಗುರುತು ಹಾಗೆಯೇ ಇದೆ.