ಮೇಜು ತಟ್ಟಿ ತೋರಿಸಿ ಅಂದರು ಡಾಕ್ಟರು

ನಾನು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದಾಗ ಮೊದಲ ಸಲ ಹೀಗಾಯಿತು. ಸ್ವಿಚ್ ಹಾಕಿದ ಹಾಗೆ ಎದೆ ಓಡಲು ಶುರುವಾಯಿತು. ಕತ್ತಿನಲ್ಲಿ ಪಟಪಟ, ಕಣ್ಣೆಲ್ಲ ಮಂಜು, ಕಾಲಲ್ಲಿ ಬಲವಿಲ್ಲ. ಇಪ್ಪತ್ತು ನಿಮಿಷದ ಮೇಲೆ ಅಷ್ಟೇ ಥಟ್ಟನೆ ನಿಂತುಹೋಯಿತು. ಅದಾಗಿ 11 ವರ್ಷ. ಆಮೇಲೆ ಪ್ರತಿ ಸಲವೂ ಡೈರಿಯಲ್ಲಿ ಬರೆದಿಟ್ಟೆ. ಒಟ್ಟು 64 ಸಲ.

ತೊಂದರೆ ಏನೆಂದರೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ನಿಂತಿರುತ್ತಿತ್ತು. ಇಸಿಜಿ ತೆಗೆದರೆ ನಾರ್ಮಲ್. 'ಟೆನ್ಷನ್ ಜಾಸ್ತಿ ಮಾಡ್ಕೋಬೇಡಿ' ಎಂದು ಕಳಿಸುತ್ತಿದ್ದರು. ಒಂದು ಕಡೆಯಂತೂ ನಿದ್ದೆ ಮಾತ್ರೆ ಬರೆದುಕೊಟ್ಟರು. ಇನ್ನೊಂದು ಕಡೆ, ಎದೆ ಇನ್ನೂ ಓಡುತ್ತಿರುವಾಗಲೇ ಹೋಗಿದ್ದೆ. ಚೀಟಿ ಮಾಡಿಸಿ, ಸಾಲಿನಲ್ಲಿ ಕೂರಿಸಿ, ನನ್ನ ಹೆಸರು ಕರೆಯುವ ಹೊತ್ತಿಗೆ ಅದು ನಿಂತಿತ್ತು. ಅವತ್ತು ಮನೆಗೆ ಬಂದು ತುಂಬಾ ಅತ್ತೆ. ಇದೆಲ್ಲ ನನ್ನ ತಲೆಯಲ್ಲೇ ಹುಟ್ಟುತ್ತಿದೆಯಾ ಅಂತ ನನಗೇ ಅನುಮಾನ ಬಂದಿತ್ತು.

ಹೋದ ವರ್ಷ ಒಂದು ದೊಡ್ಡ ಆಸ್ಪತ್ರೆಯ ಹೃದಯ ಲಯದ ವಿಭಾಗಕ್ಕೆ ಹೋದೆ. ಬಡಿತದ ತೊಂದರೆಗೆ ಅಂತಲೇ ಬೇರೆ ಡಾಕ್ಟರು, ಬೇರೆ ಸಿಸ್ಟರ್‌ಗಳು, ಬೇರೆ ಲ್ಯಾಬ್ ಇರುವ ಜಾಗ ಅದು. ಅಲ್ಲಿ ಕಂಡಿದ್ದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಅಲೆಯುತ್ತಿರುವವರು ಇದ್ದಾರೆ, ಅವರಿಗೆ ಉಪಯೋಗವಾಗಲಿ.

ಡಾಕ್ಟರು ಹಳೆಯ ಫೈಲನ್ನು ಪಕ್ಕಕ್ಕಿಟ್ಟರು. 'ಎದೆ ಓಡುವಾಗ ಹೇಗೆ ಬಡಿಯುತ್ತೆ, ಈ ಮೇಜಿನ ಮೇಲೆ ತಟ್ಟಿ ತೋರಿಸಿ' ಅಂದರು. ಎರಡು ಬೆರಳಲ್ಲಿ ತಟ್ಟಿದೆ. ಅವರು ಗಡಿಯಾರ ನೋಡುತ್ತಾ ಕೇಳಿಸಿಕೊಂಡರು. ಒಂದೇ ಸಮ ಇದೆಯಾ, ಮಧ್ಯೆ ಮಧ್ಯೆ ತಪ್ಪುತ್ತಾ? ನಿಧಾನವಾಗಿ ಏರುತ್ತಾ, ಒಮ್ಮೆಲೇ ಶುರುವಾಗುತ್ತಾ? ಕತ್ತಿನಲ್ಲೂ ಬಡಿಯುತ್ತಾ? ನಿಂತ ಮೇಲೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಾ? ಈ ಕೊನೆಯ ಪ್ರಶ್ನೆಗೆ ನನಗೆ ಮೈ ಜುಮ್ಮೆಂದಿತು. ನಿಜವಾಗಿಯೂ ಹಾಗೆ ಆಗುತ್ತಿತ್ತು. ಸಂಬಂಧವಿಲ್ಲ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ಎದೆ ಅಷ್ಟು ಜೋರಾಗಿ ಓಡುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವಂತೆ. ಆಗ ಅಲ್ಲಿಂದ ಹೊರಡುವ ಒಂದು ಹಾರ್ಮೋನು ಮೂತ್ರ ಜಾಸ್ತಿ ಮಾಡುತ್ತದಂತೆ.

'ಇದು ಟೆನ್ಷನ್ ಅನ್ನಿಸುತ್ತಿಲ್ಲ. ಹಿಡಿಯೋಣ' ಅಂದರು. ಕೈಯಲ್ಲಿ ಒಂದು ಪುರಾವೆಯೂ ಇಲ್ಲದಾಗ ಹೇಳಿದ ಮಾತು ಅದು. ಈ ವಿಭಾಗಕ್ಕೆ ನಾನು ಪೂರ್ತಿ ಅಂಕ ಕೊಡುವುದು ಇದಕ್ಕೇ.

ಮೊದಲು ಹೋಲ್ಟರ್ ಕಟ್ಟಿದರು, ಬಡಿತವನ್ನು ಬಿಡದೆ ದಾಖಲಿಸುವ ಯಂತ್ರ. ಎದೆಗೆ ತಂತಿ ಅಂಟಿಸಿ, ಸೊಂಟಕ್ಕೆ ಸಣ್ಣ ಪೆಟ್ಟಿಗೆ. 48 ಗಂಟೆ ಇಟ್ಟುಕೊಂಡೆ, ಏನೂ ಸಿಗಲಿಲ್ಲ. ವಾಪಸ್ ಕೊಡುವಾಗ ಗಂಟಲು ಕಟ್ಟಿತು. ಅಲ್ಲಿದ್ದ ಸಿಸ್ಟರ್ ಹೇಳಿದರು: 'ಎರಡು ದಿನದಲ್ಲಿ ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ನಿಮಗೆ ಆಗೋದು ಎರಡು ತಿಂಗಳಿಗೊಮ್ಮೆ ಅಲ್ವಾ?' ಆಮೇಲೆ ಒಂದು ಹಾಳೆ ಕೊಟ್ಟರು. ಅದರಲ್ಲಿ ನಾಲ್ಕೇ ಸಾಲು. ಇವರಿಗೆ ಎದೆ ಓಡುವ ತೊಂದರೆ ಇದೆ. ಬಂದ ತಕ್ಷಣ, ಸಾಲಿನಲ್ಲಿ ಕೂರಿಸದೆ, 12 ಲೀಡ್ ಇಸಿಜಿ ತೆಗೆಯಿರಿ. ಔಷಧಿ ಕೊಡುವಾಗಲೂ ಇಸಿಜಿ ಓಡುತ್ತಿರಲಿ. ಕೆಳಗೆ ಡಾಕ್ಟರ ಸಹಿ. ಬಡಿತದ ತೊಂದರೆ ಇರುವವರು ತಮ್ಮ ಡಾಕ್ಟರ ಹತ್ತಿರ ಇಂಥದ್ದೊಂದು ಹಾಳೆ ಕೇಳಿ ಪಡೆಯಿರಿ. ದುಬಾರಿ ಪರೀಕ್ಷೆಗಳಿಂದ ಆಗದ ಕೆಲಸ ನನಗೆ ಆ ಹಾಳೆಯಿಂದ ಆಯಿತು.

ಐದು ವಾರದ ಮೇಲೆ, ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ಅದೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ ಹಾಳೆ ಚಾಚಿದೆ. ನಿಂತಲ್ಲೇ ಹಾಸಿಗೆಗೆ ಕರೆದೊಯ್ದರು. ಮಾನಿಟರ್‌ನಲ್ಲಿ ನಿಮಿಷಕ್ಕೆ 188 ಬಡಿತ. ಮೊದಲು ಖಾಲಿ ಸಿರಿಂಜ್ ಕೊಟ್ಟು, 15 ಸೆಕೆಂಡು ಅದರೊಳಗೆ ಜೋರಾಗಿ ಊದಿ ಅಂದರು. ಊದಿ ಮುಗಿಯುತ್ತಿದ್ದ ಹಾಗೆ ಅಂಗಾತ ಮಲಗಿಸಿ ಎರಡೂ ಕಾಲು ಮೇಲೆತ್ತಿ ಹಿಡಿದರು. ಎಷ್ಟೋ ಜನರಿಗೆ ಇಷ್ಟರಲ್ಲೇ ನಿಲ್ಲುತ್ತದೆ. ನನಗೆ ನಿಲ್ಲಲಿಲ್ಲ.

ಆಮೇಲೆ ಅಡೆನೊಸಿನ್ ಎಂಬ ಇಂಜೆಕ್ಷನ್. ಚುಚ್ಚುವ ಮೊದಲೇ ಡ್ಯೂಟಿ ಡಾಕ್ಟರು ಕಣ್ಣಿಗೆ ಕಣ್ಣಿಟ್ಟು ಹೇಳಿದರು: 'ಕೆಲವು ಸೆಕೆಂಡು ಎದೆ ಮೇಲೆ ಕಲ್ಲು ಹೇರಿದ ಹಾಗಾಗುತ್ತೆ. ಸತ್ತೇ ಹೋದೆ ಅನ್ನಿಸಬಹುದು. ಅರ್ಧ ನಿಮಿಷದೊಳಗೆ ಎಲ್ಲ ಸರಿಹೋಗುತ್ತೆ. ನಾವು ಇಲ್ಲೇ ಇರ್ತೀವಿ.' ಮೊದಲು 6 ಮಿಲಿಗ್ರಾಂ, ಪ್ರಯೋಜನವಾಗಲಿಲ್ಲ. ಆಮೇಲೆ 12. ಹೇಳಿದ ಹಾಗೇ ಆಯಿತು. ಸಿಸ್ಟರ್ ನನ್ನ ಕೈ ಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಮಾನಿಟರ್‌ನ ಗೆರೆ ಒಂದು ಕ್ಷಣ ಸಪಾಟಾಗಿ, ಮತ್ತೆ ನಿಧಾನವಾಗಿ ಮೇಲೆದ್ದಿತು. ಮೊದಲೇ ಹೇಳಿರದಿದ್ದರೆ ನಾನು ಖಂಡಿತ ಕಿರುಚುತ್ತಿದ್ದೆ.

ಆ ರಾತ್ರಿಯ ಇಸಿಜಿ ಪಟ್ಟಿಯನ್ನು ಮಾರನೆಯ ದಿನ ಟೆಕ್ನಿಷಿಯನ್ ನನ್ನ ಮುಂದೆ ಹರಡಿ ತೋರಿಸಿದರು. ಪಿ, ಕ್ಯೂ, ಆರ್, ಎಸ್, ಟಿ ಎಂದು ಅಲೆಗಳಿಗೆ ಹೆಸರು. ಆ ಹೆಸರುಗಳನ್ನು ಇಟ್ಟ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂದಿತ್ತು ಎಂದೂ ಹೇಳಿದರು. 'ನಿಮ್ಮದರಲ್ಲಿ ಪಿ ಅಲೆ ಬೇರೆಯಾಗಿ ಕಾಣುತ್ತಿಲ್ಲ ನೋಡಿ. ದೊಡ್ಡ ಅಲೆಯ ಬಾಲದಲ್ಲಿ ಅಡಗಿದೆ.' ಹೃದಯದ ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವೆ ಎವಿ ನೋಡ್ ಎಂಬ ಜಂಕ್ಷನ್ ಇದೆ. ನನಗೆ ಅಲ್ಲಿ ಕರೆಂಟ್ ಹರಿಯಲು ಒಂದರ ಬದಲು ಎರಡು ದಾರಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ, ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತದೆ. 11 ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕಾಯಿಲೆಯನ್ನು ಕಣ್ಣಾರೆ ಕಂಡೆ.

ಅಬ್ಲೇಶನ್, ಅಂದರೆ ತಂತಿ ಕಳಿಸಿ ಆ ಹೆಚ್ಚಿನ ದಾರಿಯನ್ನು ಸುಡುವುದು, ಮಾಡಿಸಿಕೊಳ್ಳಬಹುದು, ಮಾತ್ರೆಯಲ್ಲೂ ಇರಬಹುದು, ಆಯ್ಕೆ ನಿಮ್ಮದು ಅಂದರು. ಸುಟ್ಟರೆ ನೂರರಲ್ಲಿ 95ಕ್ಕಿಂತ ಜಾಸ್ತಿ ಜನರಿಗೆ ಇದು ವಾಸಿಯಾಗುತ್ತದೆ. ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಿಗೆ ಸರಿಯಾದ ದಾರಿಗೂ ಏಟು ಬಿದ್ದು ಪೇಸ್‌ಮೇಕರ್ ಬೇಕಾಗಬಹುದು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಎರಡು ವಾರ ಯೋಚಿಸಿ ಒಪ್ಪಿದೆ.

ಲ್ಯಾಬ್ ಒಳಗೆ ತುಂಬಾ ಚಳಿ. ಇದನ್ನು ಯಾರೂ ಹೇಳಿರಲಿಲ್ಲ. ಬೆನ್ನಿಗೆ, ಎದೆಗೆ ತಣ್ಣನೆಯ ಪಟ್ಟಿಗಳನ್ನು ಅಂಟಿಸಿದರು. ಬಲ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿನ ರಕ್ತನಾಳದ ಮೂಲಕ ಸಣ್ಣ ತಂತಿಗಳನ್ನು ಹೃದಯದವರೆಗೆ ತಂದರು. ನನಗೆ ಎಚ್ಚರವಿತ್ತು. ಬಡಿತವನ್ನು ಅವರೇ ಹೊರಗಿನಿಂದ ಏರಿಸುತ್ತಾರೆ, ಇಳಿಸುತ್ತಾರೆ. ಇದ್ದಕ್ಕಿದ್ದ ಹಾಗೆ ಅದೇ ಓಟ ಶುರುವಾಯಿತು. ಕತ್ತಿನಲ್ಲಿ ಅದೇ ಪಟಪಟ.

ಗಾಜಿನ ಆ ಕಡೆಯಿಂದ ಡಾಕ್ಟರ ದನಿ: 'ಇದೇನಾ?'

'ಇದೇ ಸರ್. ಇದೇ.'

ಕಣ್ಣಿಂದ ನೀರು ಕಿವಿಯವರೆಗೆ ಹರಿಯಿತು. ತಲೆ ಹತ್ತಿರ ನಿಂತಿದ್ದ ಸಿಸ್ಟರ್ ಒರೆಸಿದರು. 'ನೋವಾ?' ಅಂತ ಕೇಳಿದರು. ಅಲ್ಲ ಎಂದು ತಲೆ ಆಡಿಸಿದೆ.

ಸುಡುವಾಗ ಎದೆಯಲ್ಲಿ ಸ್ವಲ್ಪ ಬಿಸಿ ಅನ್ನಿಸಿತು, ಅಷ್ಟೇ. ಸುಟ್ಟ ಜಾಗ ಕೆಲವೇ ಮಿಲಿಮೀಟರ್. ಆಮೇಲೆ ಅರ್ಧ ಗಂಟೆ ಕಾದು, ಔಷಧಿ ಕೊಟ್ಟು, ಮತ್ತೆ ಅದನ್ನು ಎಬ್ಬಿಸಲು ನೋಡಿದರು. ಏಳಲಿಲ್ಲ.

ಇನ್ನು ಸರಿಯಿಲ್ಲದ್ದು. ಬೆಳಿಗ್ಗೆ ಎಂಟಕ್ಕೆ ಎಂದವರು ಒಳಗೆ ಕರೆದದ್ದು ಮಧ್ಯಾಹ್ನ ಎರಡೂವರೆಗೆ. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನಿಲ್ಲ. ನನಗಿಂತ ಮೊದಲಿನ ಕೇಸ್ ಉದ್ದವಾಯಿತಂತೆ. ಅದನ್ನು ನಾನು ಅರ್ಥ ಮಾಡಿಕೊಳ್ಳುತ್ತೇನೆ, ಆದರೆ ಬಂದು ಒಂದು ಮಾತು ಹೇಳಬಹುದಿತ್ತು. ಹೊರಗೆ ಕಾಯುತ್ತಿದ್ದ ಮನೆಯವರಿಗಂತೂ ಮೂರು ಗಂಟೆ ಸುದ್ದಿಯೇ ಇಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತರಂತೆ. ವಾರ್ಡಿನಲ್ಲಿ ಮಾನಿಟರ್‌ಗಳ ಕೂಗಿಗೆ ರಾತ್ರಿಯಿಡೀ ನಿದ್ದೆ ಇಲ್ಲ.

ಅಲ್ಲೇ ಪಕ್ಕದ ಹಾಸಿಗೆಯಲ್ಲಿ ವಯಸ್ಸಾದ ಅಮ್ಮ ಒಬ್ಬರಿದ್ದರು. ಅವರದು ಏಟ್ರಿಯಲ್ ಫಿಬ್ರಿಲೇಶನ್, ತಾಳವೇ ಇಲ್ಲದ ಬಡಿತ. ಎದೆ ಸರಿಯಿದೆ ಅನ್ನಿಸಿದ ದಿನ ರಕ್ತ ತೆಳು ಮಾಡುವ ಮಾತ್ರೆ ಬಿಡುತ್ತಿದ್ದರಂತೆ. ಸಿಸ್ಟರ್ ಅವರ ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಈ ತೊಂದರೆ ಇರುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಸುಮಾರು ಐದು ಪಟ್ಟು, ಮಾತ್ರೆ ಇರುವುದು ಬಡಿತಕ್ಕಲ್ಲ, ರಕ್ತ ಹೆಪ್ಪುಗಟ್ಟದಿರಲಿ ಅಂತ ಎಂದು ಬಿಡಿಸಿ ಹೇಳಿದರು. ಆ ಅಮ್ಮ ತಿರುಗಿ ಹೇಳಿ ತೋರಿಸುವವರೆಗೆ ಬಿಡಲಿಲ್ಲ. ಪಾಠ ಮಾಡುವವಳಾಗಿ ಹೇಳುತ್ತೇನೆ, ಇಷ್ಟು ಚೆನ್ನಾಗಿ ಕಲಿಸುವವರನ್ನು ನೋಡಿರುವುದು ಕಡಿಮೆ.

ನನಗೆ ಅಂಥ ಪಾಠ ಸಿಗಲಿಲ್ಲ. ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ವಾರ ಭಾರ ಎತ್ತಬೇಡಿ, ತೊಡೆಸಂದಿಯಲ್ಲಿ ಊತ ಬಂದರೆ ಬನ್ನಿ ಅಂತಷ್ಟೇ ಇತ್ತು. ಮನೆಗೆ ಬಂದ ನಾಲ್ಕನೇ ದಿನ ಎದೆ ಒಂದೊಂದು ಸಲ ಧಡಕ್ ಎಂದು ಹಾರಲು ಶುರುವಾಯಿತು. ಎಲ್ಲ ವ್ಯರ್ಥವಾಯಿತು ಅಂದುಕೊಂಡು ಎರಡು ರಾತ್ರಿ ಕೂತೇ ಕಳೆದೆ. ಫೋನ್ ಮಾಡೋಣ ಎಂದರೆ ರಾತ್ರಿ ಹೊತ್ತಿಗೆ ನಂಬರ್ ಕೊಟ್ಟಿರಲಿಲ್ಲ. ಆಮೇಲೆ ಗೊತ್ತಾಯಿತು, ಮೊದಲ ಕೆಲವು ವಾರ ಹಾಗೆ ಬಿಡಿ ಬಡಿತಗಳು ಬರುವುದು ಸಾಮಾನ್ಯವಂತೆ.

ಆರನೇ ವಾರ ತೋರಿಸಲು ಹೋದಾಗ ಇದನ್ನೆಲ್ಲ ಹೇಳಿದೆ. ಸಿಸ್ಟರ್ ಸಬೂಬು ಹೇಳಲಿಲ್ಲ. ನನ್ನ ಡಿಸ್ಚಾರ್ಜ್ ಹಾಳೆ ಇಸಿದುಕೊಂಡು ಜೆರಾಕ್ಸ್ ಮಾಡಿಸಿದರು. ಆ ಪ್ರತಿಯ ಅಂಚಿನಲ್ಲಿ ಪೆನ್ನಿನಿಂದ ಬರೆದರು: ಬಿಡಿ ಬಡಿತ ಬಂದರೆ ಹೆದರಬೇಡಿ, ಓಟ ಶುರುವಾಗಿ ನಿಲ್ಲದಿದ್ದರೆ ಬನ್ನಿ. 'ಇನ್ನೇನು ಸೇರಿಸಬೇಕು ಹೇಳಿ' ಅಂದರು. ಲ್ಯಾಬ್ ಒಳಗೆ ಚಳಿ ಇರುತ್ತದೆ ಅಂತಲೂ ಬರೆಯಿರಿ ಅಂದೆ. ಅದನ್ನೂ ಬರೆದುಕೊಂಡರು.