ಕವರ್ ಮೇಲೆ 3144, ಒಳಗೆ 49ಇ: ಆರ್‌ಪಿಎಂ ಮೀಟರ್ ಮಾಡೋರು ನೋಡಿ ತಗೊಳ್ಳಿ

ಮೋಟರಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಳೆಯೋಕೆ ಎ3144 ಹಾಲ್ ಸೆನ್ಸರ್ (ಮ್ಯಾಗ್ನೆಟ್ ಗುರುತಿಸೋ ಸೆನ್ಸರ್; 3144 ಅದರಲ್ಲಿ ಆನ್-ಆಫ್ ಥರದ್ದು) ಅಂತ ಆನ್‌ಲೈನಲ್ಲಿ ಹತ್ತು ತರಿಸಿದ್ದು. ಹತ್ತಕ್ಕೆ ಹತ್ತೂ ಬೇರೆ ಮಾಲು. ಎರಡು ದಿನ ತಪ್ಪು ನಂದೇ ಅಂದುಕೊಂಡು ಕೋಡ್ ತಿದ್ದುತ್ತಾ ಕೂತಿದ್ದೆನಲ್ಲ, ಅದೇ ಹೊಟ್ಟೆಉರಿ.

ಮೋಟರ್ 1440 ಆರ್‌ಪಿಎಂದು. ಪುಲ್ಲಿಗೆ ಒಂದೇ ಮ್ಯಾಗ್ನೆಟ್. ಅಂದರೆ ಸೆಕೆಂಡಿಗೆ 24 ಪಲ್ಸ್, ಎರಡರ ನಡುವೆ ಸುಮಾರು 41,667 ಮೈಕ್ರೋಸೆಕೆಂಡ್. ಪಲ್ಸ್ ಎಣಿಸೋಕೆ ಆರ್ಡುಯಿನೊ ಊನೊ ಬೋರ್ಡು, ಅದರ 2ನೇ ಪಿನ್ನಿಗೆ ಇಂಟರಪ್ಟ್ (ಪಲ್ಸ್ ಬಂದ ಕೂಡಲೇ ಕೋಡನ್ನು ಎಚ್ಚರಿಸೋದು), 10ಕೆ ಪುಲ್‌ಅಪ್ (ಔಟ್‌ಪುಟ್ಟನ್ನು 5 ವೋಲ್ಟಿಗೆ ಎಳೆದಿಡೋ ರೆಸಿಸ್ಟರ್). ಎಲ್ಲರೂ ಮಾಡೋದೇ. ಡಿಸ್‌ಪ್ಲೇಲಿ ಒಮ್ಮೆ 0, ಒಮ್ಮೆ 9000! ಮ್ಯಾಗ್ನೆಟ್ ಬದಲಾಯಿಸಿದ್ದಾಯ್ತು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದಾಯ್ತು, ಶೀಲ್ಡ್ ವೈರ್ ಎಳೆದದ್ದಾಯ್ತು. ಕೊನೆಗೆ ಮೋಟರ್ ಆಫ್ ಮಾಡಿ, ಮ್ಯಾಗ್ನೆಟ್ ದೂರ ಇಟ್ಟು ಮಲ್ಟಿಮೀಟರ್ ಹಿಡಿದರೆ ಔಟ್‌ಪುಟ್ 2.5 ವೋಲ್ಟ್.

3144 ಆಗಿದ್ದರೆ 5 ವೋಲ್ಟ್ ಇರಬೇಕು, ದಕ್ಷಿಣ ಧ್ರುವ ಎದುರು ಬಂದ ಕೂಡಲೇ ಸೊನ್ನೆ ಹತ್ತಿರ ಬೀಳಬೇಕು. ನಡುವೆ ನಿಲ್ಲೋ ಮಾತೇ ಇಲ್ಲ. ಲೆನ್ಸ್ ಹಿಡಿದು ನೋಡಿದರೆ ಮೈ ಮೇಲೆ ಸಣ್ಣಗೆ 49ಇ. ಲೀನಿಯರ್ ಸೆನ್ಸರ್, ಅಂದರೆ ಆನ್-ಆಫ್ ಅಲ್ಲ, ಮ್ಯಾಗ್ನೆಟ್ಟಿನ ಬಲಕ್ಕೆ ತಕ್ಕಂತೆ ವೋಲ್ಟೇಜ್ ಏರಿಳಿಸೋದು! ಮೊದಲೇ ಓದಬಾರದಿತ್ತಾ ಅಂತೀರಿ. ಓದಬೇಕಿತ್ತು. ಆದರೆ ಅದೇ ಗಾತ್ರ, ಅದೇ ಮೂರು ಕಾಲು, ಕಾಲುಗಳ ಕ್ರಮವೂ ಅದೇ. ಸುಟ್ಟೂ ಹೋಗಲ್ಲ, ಗೊತ್ತೂ ಆಗಲ್ಲ. ಊನೊ 1.5 ವೋಲ್ಟ್ ಕೆಳಗಿದ್ದರೆ ಲೋ, 3ರ ಮೇಲಿದ್ದರೆ ಹೈ ಅಂತ ಖಚಿತವಾಗಿ ಓದುತ್ತೆ. 2.5 ಅಂದರೆ ತ್ರಿಶಂಕು, ಮೋಟರಿನ ನಾಯ್ಸ್ ಎತ್ತ ತಳ್ಳಿದರೆ ಅತ್ತ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಮೊದಲ ಉತ್ತರ: "ಕೋಡ್ ಚೆಕ್ ಮಾಡಿ ಸಾರ್." ಎರಡನೇದು: "ವೈರಿಂಗ್ ಉಲ್ಟಾ ಕೊಟ್ಟಿರ್ತೀರಿ." ಅಲ್ಲಾ ಸ್ವಾಮಿ, ಮೇಲೆ ಬರೆದಿರೋ ನಂಬರೇ ಬೇರೆ ಅಂತ ಮತ್ತೆ ಫೋಟೋ ಕಳಿಸಿದರೆ, "ಅದೂ ಹಾಲ್ ಸೆನ್ಸರೇ ಅಲ್ವಾ ಸಾರ್, ಅನಲಾಗ್ ಪಿನ್ನಿಗೆ (ಏರಿಳಿಯೋ ವೋಲ್ಟೇಜ್ ಅಳೆಯೋ ಪಿನ್ನಿಗೆ) ಹಾಕ್ಕೊಳ್ಳಿ."

ಹಾಕ್ಕೊಳ್ಳಬೇಕಂತೆ! 100 ಮಿಮೀ ಪುಲ್ಲಿ ಅಂಚು 1440ರಲ್ಲಿ ಸೆಕೆಂಡಿಗೆ ಏಳೂವರೆ ಮೀಟರ್ ಓಡುತ್ತೆ. 5 ಮಿಮೀ ಮ್ಯಾಗ್ನೆಟ್ ಸೆನ್ಸರ್ ಎದುರು ಇರೋದು ಒಂದು ಮಿಲಿಸೆಕೆಂಡೂ ಇಲ್ಲ. ಒಂದು ಅನಲಾಗ್ ರೀಡಿಂಗಿಗೆ ಸುಮಾರು 0.1 ಮಿಲಿಸೆಕೆಂಡ್ ಬೇಕು. ಬೇರೇನೂ ಮಾಡದೆ ಓದುತ್ತಲೇ ಇದ್ದರೆ ಐದಾರು ಸಲ ಸಿಕ್ಕೀತು. ನಡುವೆ ಡಿಸ್‌ಪ್ಲೇಗೆ ಬರೆಯೋಕೆ ಹೋದರೆ ಪಲ್ಸ್ ತಪ್ಪಿತು ಅಂತಲೇ ಲೆಕ್ಕ.

ಈಗಾಗಲೇ 49ಇ ತಗೊಂಡು ಸಿಕ್ಕಿಹಾಕಿಕೊಂಡಿದ್ದರೆ ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸಿ ಹೈ ಇಲ್ಲವೇ ಲೋ ಕೊಡೋ ಐಸಿ) ಹಾಕಿ, ರೆಫರೆನ್ಸ್ 3 ವೋಲ್ಟ್, ಔಟ್‌ಪುಟ್ಟಿಗೆ 10ಕೆ ಪುಲ್‌ಅಪ್, ಸ್ವಲ್ಪ ಹಿಸ್ಟರೆಸಿಸ್ (ನಾಯ್ಸಿಗೆ ಔಟ್‌ಪುಟ್ ಅತ್ತಿತ್ತ ಹಾರದ ಹಾಗೆ ಆನ್, ಆಫ್ ಮಟ್ಟಗಳ ನಡುವೆ ಅಂತರ) ಕೊಡೋದು ಮರೀಬೇಡಿ. ಹೊಸದಾಗಿ ತಗೊಳ್ಳೋರು ಕವರ್ ನಂಬಬೇಡಿ. ಬೆಸುಗೆ ಹಾಕೋ ಮೊದಲೇ 5 ವೋಲ್ಟ್ ಕೊಟ್ಟು ಮೀಟರ್ ಹಿಡಿಯಿರಿ, ಅರ್ಧ ನಿಮಿಷದ ಕೆಲಸ.

ವಾಪಸ್ ತಗೊಳ್ಳಿ ಅಂದಿದ್ದಕ್ಕೆ ಬಂದ ಕೊನೇ ಉತ್ತರ: "ಕವರ್ ಒಡೆದಿದೆ ಸಾರ್, ರಿಟರ್ನ್ ಇಲ್ಲ." ಒಡೆಯದೆ ಒಳಗಿನ ನಂಬರ್ ಓದೋದು ಹೇಗೆ ಅಂತ ಕೇಳಿದೆ. ಬ್ಲಾಕ್ ಮಾಡಿದ್ದಾರೆ.